ಊರು ವಿಚಾರಿಸಿದ್ದು

ಅವನು ನನ್ನ ಎದುರಿನ ಮೇಜಿಗೆ ಬಂದು ಕೂತ ದಿನ ನಾನು ಕಂಪ್ಯೂಟರಿನ ಪರದೆಯನ್ನು ಸ್ವಲ್ಪ ತಿರುಗಿಸಿಕೊಂಡೆ. ಅದರಲ್ಲಿ ಇದ್ದದ್ದು ಹಡಗಿಗೆ ಬಳಿಯುವ ಪೇಂಟಿನ ದರಗಳು ಮಾತ್ರ. ಆದರೂ ಅವನಿಗೆ ಕಾಣದಿರಲಿ ಅನ್ನಿಸಿತು. ಹೊಸ ಎಂಜಿನಿಯರ್ ಬಹ್ರೇನಿನವನು ಎಂದು ಬೆಳಿಗ್ಗೆಯೇ ಹೇಳಿದ್ದರು.

ನಾನೂ ಅಲ್ಲಿಂದಲೇ ಬಂದವಳು. ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ಹೋಗಿ, ಅಲ್ಲಿನ ಒಂದು ಕಂಪನಿಯ ಖರೀದಿ ವಿಭಾಗದಲ್ಲಿ ಕೆಲಸ ಮಾಡಿ, ಗಲಾಟೆಯಾದ ಮರುವರ್ಷ ಸಿಂಗಪುರಕ್ಕೆ ಬಂದೆ. ಇಲ್ಲಿ ಸೆಂಬವಾಂಗಿನ ಹಡಗು ರಿಪೇರಿ ಯಾರ್ಡಿನಲ್ಲಿ ಅದೇ ಕೆಲಸ ಸಿಕ್ಕಿತು. ನಮ್ಮ ವಿಭಾಗದ ಮುಖ್ಯಸ್ಥರು ಮೈಸೂರಿನವರು. ಯಾರೇ ಹೊಸಬರು ಬರಲಿ, ಊಟಕ್ಕೆ ಕರೆದುಕೊಂಡು ಹೋಗಿ ಮೊದಲು ಕೇಳುವುದು ಊರು. ತಮಿಳರನ್ನು, ಚೀನೀಯರನ್ನು, ಫಿಲಿಪೀನ್ಸಿನ ವೆಲ್ಡರನ್ನು, ಎಲ್ಲರನ್ನೂ ಕೇಳುತ್ತಿದ್ದರು. ಅದು ಅವರ ಪ್ರೀತಿ.

ಊಟದ ಅಂಗಡಿಗಳು ಸಾಲಾಗಿರುವ ಹಾಕರ್ ಸೆಂಟರಿನಲ್ಲಿ ಇವನನ್ನೂ ಕೇಳಿದರು. ಅವನು “ಮನಾಮಾ” ಎಂದ.

ಸರ್ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: “ಅದು ಸಿಟಿ ಅಲ್ವಾ ಮೇಡಂ? ಸಿಟೀಲಿ ಯಾರು ಹುಟ್ತಾರೆ? ನಾನೂ ಎಲ್ಲರ ಹತ್ರ ಮೈಸೂರು ಅಂತೀನಿ, ಇರೋದು ಟಿ. ನರಸೀಪುರದ ಆಚೆ.”

ನಾನು ನಗಲಿಲ್ಲ. ಬಹ್ರೇನಿನಲ್ಲಿ ಹಳ್ಳಿಯ ಹೆಸರು ಹೇಳಿದರೆ ಉಳಿದದ್ದೆಲ್ಲ ಹೇಳಿದ ಹಾಗೆ. ರಾಜಮನೆತನ ಸುನ್ನಿ, ಹಳ್ಳಿಗಳು ಹೆಚ್ಚಾಗಿ ಶಿಯಾ. ಗಲಾಟೆಯ ದಿನಗಳಲ್ಲಿ ರಸ್ತೆಯಲ್ಲಿ ಕಾರು ನಿಲ್ಲಿಸಿದ ಪೊಲೀಸರು ಮೊದಲು ಕೇಳುತ್ತಿದ್ದದ್ದೂ ಅದನ್ನೇ.

ಆ ದ್ವೀಪ ಎಷ್ಟು ಸಣ್ಣದೆಂದರೆ, ಕಾರಿನಲ್ಲಿ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ನಮ್ಮ ಮಗುವಿಗೆ ನಿದ್ದೆ ಹತ್ತುತ್ತಿರಲಿಲ್ಲ. ಒಂದು ಕಾಲಕ್ಕೆ ಮುತ್ತು ತೆಗೆದು ಬದುಕಿದ ಜಾಗ. ಆಮೇಲೆ ಎಣ್ಣೆ ಬಂತು, ಅದೂ ನೆರೆಯವರಷ್ಟು ಇರಲಿಲ್ಲ. ಅಲ್ಯೂಮಿನಿಯಂ ಕಾರ್ಖಾನೆ, ಹಡಗು ಕಟ್ಟೆ, ಬ್ಯಾಂಕುಗಳು ಬಂದವು. ಸಮುದ್ರಕ್ಕೆ ಮರಳು ತುಂಬಿ ಎತ್ತರದ ಕಟ್ಟಡಗಳನ್ನು ಎಬ್ಬಿಸಿದರು. ಅವುಗಳ ಹಿಂದೆ, ಮೊದಲು ದಡದಲ್ಲಿದ್ದ ಮೀನುಗಾರರ ಹಳ್ಳಿಗಳು ಈಗ ಸಮುದ್ರ ಕಾಣದ ಹಾಗೆ ಉಳಿದಿದ್ದವು. ಅಲ್ಲಿನ ಹುಡುಗರು ಕೆಲಸವಿಲ್ಲದೆ ಗೋಡೆ ಮೇಲೆ ಕೂತಿರುತ್ತಿದ್ದರು. ನಾವು ಹೊರಗಿನವರು ಬೆಳಿಗ್ಗೆ ಅವರ ಮುಂದೆಯೇ ಕೆಲಸಕ್ಕೆ ಹೋಗುತ್ತಿದ್ದೆವು.

ಎರಡು ಸಾವಿರದ ಹನ್ನೊಂದರಲ್ಲಿ ಜನ ಸರ್ಕಾರದ ವಿರುದ್ಧ ಮುತ್ತಿನ ಸ್ಮಾರಕವಿದ್ದ ವೃತ್ತದಲ್ಲಿ ಡೇರೆ ಹಾಕಿದರು. ವಾರಾಂತ್ಯಕ್ಕೆ ಪಕ್ಕದ ದೇಶದವರು ಸಿನಿಮಾ ನೋಡಲು ದಾಟಿ ಬರುತ್ತಿದ್ದ ಸೇತುವೆಯ ಮೇಲೆ ಒಂದು ದಿನ ಅದೇ ದೇಶದ ಸೇನೆಯ ವಾಹನಗಳು ಬಂದವು. ಡೇರೆಗಳು ಹೋದವು, ಸ್ಮಾರಕವನ್ನೂ ಕೆಡವಿದರು. ಇಷ್ಟನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದಾರೆ. ನಾನು ನೋಡಿದ್ದು ಅದರ ನಂತರ ಆಫೀಸಿನಲ್ಲಿ ಆದದ್ದು. ಕಂಪನಿಯವರು ಆ ವೃತ್ತದಲ್ಲಿ ಸೇರಿದ್ದ ಗುಂಪಿನ ಫೋಟೋಗಳಲ್ಲಿ ಮುಖಗಳ ಸುತ್ತ ಕೆಂಪು ಗೆರೆ ಎಳೆದು ಒಬ್ಬೊಬ್ಬರನ್ನೇ ವಿಚಾರಣೆಗೆ ಒಳಗೆ ಕರೆದರು. ಆ ದಿನಗಳಲ್ಲಿ ಯಾರು ಕೆಲಸಕ್ಕೆ ಬಂದಿರಲಿಲ್ಲ ಎಂದು ನಮ್ಮನ್ನೂ ಕೇಳಿದರು. ನಾನು ಬಿಲ್ಲುಗಳನ್ನು ನೋಡುತ್ತೇನೆ, ಮುಖಗಳನ್ನಲ್ಲ ಎಂದೆ. ಒಳಗೆ ಹೋದವರಲ್ಲಿ ಕೆಲವರು ಮತ್ತೆ ತಮ್ಮ ಮೇಜಿಗೆ ಬರಲಿಲ್ಲ. ಯಾರು ಹೆಸರು ಹೇಳಿದರೆಂದು ಯಾರಿಗೂ ತಿಳಿಯಲಿಲ್ಲ. ಹಾಗಾಗಿ ಉಳಿದವರೆಲ್ಲ ಹೇಳಿದವರಂತೆಯೇ ಕಾಣತೊಡಗಿದೆವು.

“ಇವರೂ ನಿಮ್ಮ ದೇಶದಲ್ಲೇ ಇದ್ದವರು” ಎಂದು ಸರ್ ಅವನಿಗೆ ಖುಷಿಯಿಂದ ಹೇಳಿದರು. “ಬಹ್ರೇನ್, ಸಿಂಗಪುರ ಎರಡೂ ಒಂದೇ ನೋಡಿ. ದ್ವೀಪ, ಸೇತುವೆ, ಬ್ಯಾಂಕು!”

ಅವನು ಚಮಚ ಕೆಳಗಿಟ್ಟು ಯಾವ ಕಂಪನಿ ಎಂದು ಕೇಳಿದ. ಹೇಳಿದೆ. ಅದು ಅವನು ಕೆಲಸ ಮಾಡಿದ ಕಂಪನಿಯೇ, ಬೇರೆ ಕಟ್ಟಡ.

“ಆ ವರ್ಷವೂ ಇದ್ದಿರಾ?”

“ಇದ್ದೆ.”

“ನಿಮ್ಮನ್ನು ಕರೆದಿರಲಿಲ್ಲವೆ?”

“ಎಲ್ಲರನ್ನೂ ಕರೆದಿದ್ದರು.”

ಮರುದಿನ ನೋಡಿದರೆ ಅವನ ಪರದೆಯೂ ತಿರುಗಿತ್ತು.

ಅವನದು ತಾತ್ಕಾಲಿಕ ಕೆಲಸ. ಕಾಯಂ ಆದರೆ ಹೆಂಡತಿ, ಮಗಳನ್ನು ಕರೆಸಿಕೊಳ್ಳಬಹುದು ಎಂದು ಸರ್ ಹತ್ತಿರ ಹೇಳಿಕೊಂಡಿದ್ದ. ಕೆಲಸದಲ್ಲಿ ಕೊರತೆ ಇರಲಿಲ್ಲ. ನಾನು ಮಾತ್ರ ಅವನನ್ನು ಗಮನಿಸುತ್ತಲೇ ಇದ್ದೆ. ಫೋನು ಬಂದರೆ ಮೆಟ್ಟಿಲ ಹತ್ತಿರ ಹೋಗುತ್ತಾನೆ. ಹಳೆಯ ಆಫೀಸಿನವರ ಮಾತು ಬಂದರೆ ಸುಮ್ಮನಾಗುತ್ತಾನೆ. ಇಲ್ಲಿ ಯಾರು ಏನು ಮಾತಾಡುತ್ತಾರೆಂದು ಕೇಳಿಸಿಕೊಳ್ಳಲು ಅಲ್ಲಿನ ಸರ್ಕಾರ ಕಳಿಸಿದ ಮನುಷ್ಯನಿರಬಹುದೆ? ಒಮ್ಮೆ ಮನೆ ಎಲ್ಲಿ ಎಂದು ಕೇಳಿದ. ಸೆಂಬವಾಂಗಿನಲ್ಲೇ ಇದ್ದವಳು ದೂರದ ಬುಕಿತ್ ಬಾಟೋಕ್ ಎಂದುಬಿಟ್ಟೆ. ಆಮೇಲೆ ಸುಳ್ಳು ತಿಳಿಯದಿರಲೆಂದು ದಿನಾ ಸಂಜೆ ಅವನ ಬಸ್ಸು ಹೋಗುವ ತನಕ ಯಾರ್ಡಿನ ಗೇಟಿನೊಳಗೆ ನಿಂತಿರಬೇಕಾಯಿತು.

ಕಾಯಂ ಮಾಡುವ ಹೊತ್ತಿಗೆ ಸರ್ ನನ್ನನ್ನು ಕರೆದರು.

“ಮೇಡಂ, ಅವನ ಬಗ್ಗೆ ಒಂಚೂರು ವಿಚಾರಿಸ್ತೀರಾ? ನಿಮ್ಮ ಹಳೇ ಆಫೀಸ್‌ನೋರು ಇದಾರಲ್ಲ.”

“ಎಚ್‌ಆರ್ ಅವರು ಚೆಕ್ ಮಾಡಿದಾರಲ್ಲ ಸರ್.”

“ಅದು ಪೇಪರ್ ಮೇಡಂ. ಬಯೋಡೇಟಾ ನೋಡಿ ಹುಡುಗಿ ಕೊಡ್ತೀವಾ? ಊರಲ್ಲಿ, ಅಕ್ಕಪಕ್ಕದಲ್ಲಿ ಕೇಳ್ತೀವಿ ತಾನೆ?”

“ಅಲ್ಲಿ ಹಾಗೆ ಕೇಳ್ಬಾರದು ಸರ್. ಅವರ ಮನೆಯವರು ಇನ್ನೂ ಅಲ್ಲೇ ಇರ್ತಾರೆ, ತೊಂದರೆ ಆಗುತ್ತೆ.”

“ಯಾಕೆ? ಏನಾದ್ರೂ ಇದೆಯಾ ಅವನದು?”

ಏನೂ ಇಲ್ಲ ಎಂದೆ. ನಾನು ಅಷ್ಟು ಬೇಗ ಹೇಳಿದ್ದೇ ಅವರಿಗೆ ಅನುಮಾನ ತಂದಿರಬೇಕು. “ನೀವು ಜಾಸ್ತಿ ನ್ಯೂಸ್ ನೋಡ್ತೀರ” ಎಂದು ನಕ್ಕರು.

ಕೆಲವು ದಿನ ಕಳೆದು ಅವರೇ ಮೇಜಿನ ಹತ್ತಿರ ಬಂದರು. “ಕ್ಲೀನ್ ಮೇಡಂ! ಅಲ್ಲಿರೋ ನಮ್ಮ ಕನ್ನಡದೋರೊಬ್ಬರನ್ನ ವಾಟ್ಸಾಪಲ್ಲಿ ಹಿಡಿದೆ. ಅವರು ಆಫೀಸಿಗೇ ಫೋನ್ ಮಾಡಿ ಕೇಳಿದ್ರು. ಒಳ್ಳೆ ಮನೆತನವಂತೆ. ತಮ್ಮನೂ ಅಲ್ಲೇ ಕೆಲಸದಲ್ಲಿದಾನೆ.” ಆಮೇಲೆ ಹಳ್ಳಿಯ ಹೆಸರನ್ನೂ ಹೇಳಿದರು. ಸಮುದ್ರ ಕಳೆದುಕೊಂಡ ಹಳ್ಳಿಗಳಲ್ಲಿ ಅದೂ ಒಂದು. “ನಿಮ್ಮ ಹೆಸರೇ ಹೇಳ್ಸಿದೆ. ಹಳೇ ಸ್ಟಾಫ್ ಅಂದ್ರೆ ಬೇಗ ಮಾತಾಡ್ತಾರೆ ಅಂತ.”

ಅವನು ಊಟಕ್ಕೆ ಹೋಗಿದ್ದ. ಎದುರಿನ ಕುರ್ಚಿ ಖಾಲಿಯಿತ್ತು. ಅವನು ಕೇಳಿಸಿಕೊಳ್ಳಲು ಬಂದವನಲ್ಲ, ಅಡಗಿಕೊಳ್ಳಲು ಬಂದವನು ಎಂದು ನನಗೆ ಆಗ ಹೊಳೆಯಿತು. ಅಥವಾ ಹಾಗೆ ನಂಬಲು ಅದೇ ಮೊದಲ ಸಲ ಮನಸ್ಸಾಯಿತು.

ಮುಂದಿನ ವಾರ ಅವನು ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿದ. ದನಿ ಏರಿಸಲಿಲ್ಲ.

“ನನ್ನ ತಮ್ಮನನ್ನು ಒಳಗೆ ಕರೆದಿದ್ದಾರೆ. ಅಣ್ಣ ಸಿಂಗಪುರದಲ್ಲಿ ಯಾರ ಜೊತೆ ಇದ್ದಾನೆ, ಯಾಕೆ ಹೇಳದೆ ಹೋದ ಎಂದು ಕೇಳುತ್ತಿದ್ದಾರೆ. ವಿಚಾರಿಸಿದ್ದು ನೀವಂತೆ.”

“ನಾನಲ್ಲ.”

“ಹೆಸರು ನಿಮ್ಮದು.”

ಆದದ್ದನ್ನು ಆದ ಹಾಗೆಯೇ ಹೇಳಿದೆ. ನಮ್ಮವರು ಹೀಗೆ ಕೇಳುವುದುಂಟು, ಕೆಟ್ಟದ್ದಕ್ಕಲ್ಲ, ಹೆಣ್ಣು ಕೊಡುವಾಗ ಕೇಳುವ ಹಾಗೆ ಎಂದೆ. ನನ್ನ ಕಿವಿಗೇ ಅದು ಆ ಕ್ಷಣ ಹೆಣೆದ ಸುಳ್ಳಿನಂತೆ ಕೇಳಿಸಿತು.

“ಮದುವೆಗೆ ಕೇಳುವ ಹಾಗೆ” ಎಂದು ಅವನು ಮೆಲ್ಲಗೆ ತಾನೂ ಒಮ್ಮೆ ಹೇಳಿ ನೋಡಿದ. ಮೆಟ್ಟಿಲಿಳಿದು ಹೋದ.

ಕಾಯಂ ಪತ್ರ ಬಂತು. ಅವನು ಸಹಿ ಹಾಕಲಿಲ್ಲ. ತಮ್ಮನನ್ನು ಒಬ್ಬನನ್ನೇ ಬಿಟ್ಟಿರಲಾಗದು, ವಾಪಸು ಹೋಗುತ್ತೇನೆ ಎಂದನಂತೆ. ಅವನ ಕೊನೆಯ ದಿನ ನಾನು ಗೇಟಿನೊಳಗೆ ಕಾಯಲಿಲ್ಲ. ಅವನು ಬೇಗ ಹೊರಟಿದ್ದಾನೆ ಅಂದುಕೊಂಡು ಬಂದ ಬಸ್ಸು ಹತ್ತಿದೆ. ಹಿಂದಿನ ಸೀಟಿನಲ್ಲಿ ಅವನಿದ್ದ. ನನ್ನ ಸ್ಟಾಪು ಹತ್ತಿರವೇ. ಇಳಿಯದೆ ಮುಂದೆ ಹೋಗಬಹುದಿತ್ತು, ಆದರೆ ಮಗಳು ನಮ್ಮ ಬ್ಲಾಕಿನ ಕೆಳಗಿನ ತೆರೆದ ಜಾಗದಲ್ಲಿ, ವಾಯ್ಡ್ ಡೆಕ್ಕಿನ ಕಂಬದ ಹತ್ತಿರ ನಿಂತು ಆಗಲೇ ಕೈ ಬೀಸುತ್ತಿದ್ದಳು. ಇಳಿದೆ. ಬಸ್ಸು ಹೊರಟಾಗ ಅವನು ಕಿಟಕಿಯಿಂದ ಮಗಳನ್ನು, ಬ್ಲಾಕಿನ ನಂಬರನ್ನು, ಆಮೇಲೆ ನನ್ನನ್ನು ನೋಡಿದ. ಬುಕಿತ್ ಬಾಟೋಕ್ ದ್ವೀಪದ ಇನ್ನೊಂದು ಕಡೆ ಇದೆ ಎಂದು ಅಷ್ಟು ದಿನದಲ್ಲಿ ಅವನಿಗೂ ಗೊತ್ತಾಗಿತ್ತು.

“ನೋಡಿದ್ರಾ ಮೇಡಂ, ಓಡಿಹೋದ” ಎಂದರು ಸರ್ ಮರುದಿನ. “ಏನೋ ಇತ್ತು ಅನ್ಸುತ್ತೆ.”

ಅವನ ತಮ್ಮನ ಕೆಲಸ ಉಳಿಯಿತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಒಂದು ಫೋನು ಮಾಡಿದ್ದರೆ ತಿಳಿಯುತ್ತಿತ್ತು. ಮಾಡಲಿಲ್ಲ.