ತಕ್ಕಡಿ ಮೇಡಮ್ಮಿನ ಡಾಕ್ಟರೇಟು

ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರಮ್ಮನನ್ನು ಪೇಟೆಯಲ್ಲಿ ಎಲ್ಲರೂ ತಕ್ಕಡಿ ಮೇಡಂ ಎಂದೇ ಕರೆಯುತ್ತಿದ್ದರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸುವುದು, ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ಅಂಗಡಿಯವನ ಮುಖ ಹುಳ್ಳಗಾಗುವವರೆಗೆ ಸುಮ್ಮನೆ ನೋಡುತ್ತ ನಿಲ್ಲುವುದು, ಇಷ್ಟೇ ಅವರ ಕೆಲಸ. ತಲೆಗೂದಲು ಅರ್ಧ ಬೆಳ್ಳಗಾಗುವವರೆಗೂ ಈ ಕೆಲಸದಲ್ಲಿ ಅವರಿಗೆ ಒಂದು ದಿನವೂ ಅನುಮಾನ ಬಂದದ್ದಿಲ್ಲ.

ಬಂದದ್ದು ಕೇಂದ್ರ ಪ್ರಯೋಗಾಲಯದಲ್ಲಿ. ಕಚೇರಿಯ ಹಿತ್ತಾಳೆಯ ತೂಕದ ಬಟ್ಟುಗಳನ್ನು ಆಗಾಗ ಅಲ್ಲಿಗೆ ಒಯ್ದು, ಅಲ್ಲಿನ ಬಟ್ಟುಗಳ ಜೊತೆ ಹೋಲಿಸಿ ತರಬೇಕಿತ್ತು. ಬಟ್ಟಿನ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತ ಕೂತಿದ್ದ ಮೇಡಂ, ಹೊತ್ತು ಹೋಗದೆ, ನಿಮ್ಮ ಬಟ್ಟುಗಳನ್ನು ನೀವು ಯಾವುದಕ್ಕೆ ಹೋಲಿಸುತ್ತೀರಿ ಎಂದು ಅಲ್ಲಿನ ಅಧಿಕಾರಿಯನ್ನು ಕೇಳಿದರು. ಮೇಲಿನ ಪ್ರಯೋಗಾಲಯದ್ದಕ್ಕೆ ಎಂದ. ಅವರು? ಇನ್ನೂ ಮೇಲಿನವರದ್ದಕ್ಕೆ. ಹೀಗೆ ಹತ್ತುತ್ತ ಹೋದರೆ, ಬಹಳ ಕಾಲ ಎಲ್ಲಕ್ಕೂ ಮೇಲೆ ಕಿಲೋ ಎಂದರೆ ಇದೇ ಎಂದು ಗೊತ್ತುಮಾಡಿದ ಒಂದೇ ಒಂದು ಲೋಹದ ತುಂಡು ಇತ್ತೆಂದೂ, ಅದನ್ನು ಹೋಲಿಸುವುದಕ್ಕೆ ಅದರಾಚೆ ಏನೂ ಇರಲಿಲ್ಲವೆಂದೂ ಗೊತ್ತಾಯಿತು.

"ಅದೇ ಸವೆದುಹೋಗಿದ್ರೆ?" ಎಂದರು ಮೇಡಂ.

"ಅದು ಸವೆಯೋ ಹಾಗಿರ್ಲಿಲ್ಲ ಮೇಡಂ. ಅದು ಸವೆದ್ರೆ, ಪ್ರಪಂಚದಲ್ಲಿ ಮಿಕ್ಕಿದ್ದೆಲ್ಲ ಭಾರ ಆಯ್ತು ಅಂತ ಲೆಕ್ಕ."

ಈಗ ಆ ತುಂಡಿಗೆ ನಿವೃತ್ತಿ ಕೊಟ್ಟು ಅದರ ಜಾಗದಲ್ಲಿ ಭೌತವಿಜ್ಞಾನದ ಒಂದು ಸ್ಥಿರ ಸಂಖ್ಯೆಯನ್ನು ಕೂರಿಸಿದ್ದಾರೆ, ಯೋಚಿಸಬೇಡಿ ಎಂದು ಅಧಿಕಾರಿ ಸಮಾಧಾನ ಹೇಳಿದ. ಮೇಡಮ್ಮಿಗೆ ಸಮಾಧಾನವಾಗಲಿಲ್ಲ. ಇಷ್ಟು ವರ್ಷ ತಾನು ಒತ್ತಿದ ಮುದ್ರೆಗಳೆಲ್ಲ ಒಂದರ ಭುಜದ ಮೇಲೊಂದು ನಿಂತು, ಕೊನೆಯದು ಗಾಳಿಯನ್ನು ಹಿಡಿದುಕೊಂಡಿದೆ ಎನ್ನಿಸಿ ಬಸ್ಸಿನಲ್ಲಿ ಬೆವರಿದರು. ಮನೆಗೆ ಬಂದವರೇ, ತಾನು ವಿಜ್ಞಾನದ ಇತಿಹಾಸ ಮತ್ತು ತತ್ವಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತೇನೆ ಎಂದು ಗಂಡನಿಗೆ ಹೇಳಿದರು. ಗಂಡ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದವರು. ಕಲಿಯುವವರ ಪಕ್ಕದ ಸೀಟಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಅರ್ಧ ಆಯುಸ್ಸು ಕಳೆದಿದ್ದರು. ಮನೆಯಲ್ಲಿ ತನ್ನ ಕಾಲಡಿ ಬ್ರೇಕಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿದ್ದುದರಿಂದ, ಆಗಲಿ ಎಂದರು.

ವಿಶ್ವವಿದ್ಯಾಲಯದಲ್ಲಿ ಇತಿಹಾಸದವರು ಇದು ವಿಜ್ಞಾನ ಎಂದರು. ಭೌತವಿಜ್ಞಾನದವರು ಇದು ತತ್ವಶಾಸ್ತ್ರ ಎಂದು ಬಾಗಿಲು ತೋರಿಸಿದರು. ತತ್ವಶಾಸ್ತ್ರ ವಿಭಾಗದಲ್ಲಿ ಇದ್ದದ್ದೇ ಒಬ್ಬರು ಪ್ರಾಧ್ಯಾಪಕರು. ಕ್ರೀಡಾ ವಿಭಾಗದ ಸಾಮಾನು ಕೋಣೆಯ ಒಂದು ಮೂಲೆಯಲ್ಲಿ, ಹೊಲಿಗೆ ಬಿಚ್ಚಿದ ಚೆಂಡುಗಳ ನಡುವೆ ಅವರ ಮೇಜು. ವಿದ್ಯಾರ್ಥಿಗಳೇ ಇಲ್ಲದೆ ವಿಭಾಗ ಮುಚ್ಚುವ ಹಂತಕ್ಕೆ ಬಂದಿತ್ತು. ಮೇಡಂ ಒಳಗೆ ಬಂದದ್ದು ಕಂಡು ಅವರ ಕಣ್ಣಲ್ಲಿ ನೀರಾಡಿತು. ಏನು ಕೇಳಿದರೂ ಅವರು "ಅಂದ್ರೇನು?" ಎಂದು ತಿರುಗಿ ಕೇಳುತ್ತಿದ್ದುದರಿಂದ, ಎಲ್ಲರ ಬಾಯಲ್ಲೂ ಅಂದ್ರೇನು ಮೇಷ್ಟ್ರು ಆಗಿಹೋಗಿದ್ದರು.

ಮುಂದಿನ ವಾರ ಬರಲೇ ಎಂದು ಮೇಡಂ ಕೇಳಿದರೆ, ವಾರ ಅಂದ್ರೇನು ಎನ್ನುತ್ತಿದ್ದರು. ಮೊದಲ ಅಧ್ಯಾಯ ಬರೆದುಕೊಟ್ಟರೆ, ಮೊದಲು ಅಂದ್ರೇನು ಎಂದು ಅಂಚಿನಲ್ಲಿ ಗೀಚಿ ವಾಪಸು ಕೊಟ್ಟರು. ಮೇಡಮ್ಮಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತನ್ನಂತೆಯೇ ನಿದ್ದೆಗೆಟ್ಟ ಇನ್ನೊಂದು ಜೀವ ಸಿಕ್ಕಿತಲ್ಲ ಎಂದು ಹಿತವೇ ಆಯಿತು. ವರ್ಷಗಳು ಉರುಳಿದವು, ಅಧ್ಯಾಯ ಮಾತ್ರ ಅದೇ ಒಂದು.

ಈ ಸಂಶಯದ ಅಂಟುರೋಗ ಕೆಲಸಕ್ಕೂ ಹಬ್ಬಿತು. ಒಂದು ಬೆಳಿಗ್ಗೆ ಈರುಳ್ಳಿ ಮಂಡಿಯ ಸಾವ್ಕಾರರ ತಕ್ಕಡಿ ಪರೀಕ್ಷಿಸಿ, ಮುದ್ರೆಯನ್ನು ಎತ್ತಿದ ಕೈ ಎತ್ತಿದ ಹಾಗೇ ನಿಂತುಬಿಟ್ಟಿತು. 'ಸರಿಯಾಗಿದೆ' ಎಂದು ಪ್ರಮಾಣಪತ್ರದಲ್ಲಿ ಬರೆಯಬೇಕಾದ ಕಡೆ ಮೇಡಂ ಹೀಗೆ ಬರೆದರು: 'ಇದು ನಮ್ಮ ಕಚೇರಿಯ ಬಟ್ಟಿಗೆ ಹೊಂದುತ್ತದೆ. ನಮ್ಮದು ಮೇಲಿನವರದ್ದಕ್ಕೆ ಹೊಂದುತ್ತದೆ. ಅದರಾಚೆ ನಾನು ಹೇಳಲಾರೆ.' ಸಾವ್ಕಾರರು ಓದದೆ ಅದಕ್ಕೆ ಕಟ್ಟು ಹಾಕಿಸಿ ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿದರು. ಗಿರಾಕಿಗಳು ಓದಿದರು. ಈರುಳ್ಳಿ ಕೊಳ್ಳಲು ಬಂದವರು ಚೀಲ ಕೆಳಗಿಟ್ಟು, ಅದರಾಚೆ ಏನಿರಬಹುದು ಎಂದು ಚರ್ಚೆಗೆ ನಿಂತರು. ಮಂಡಿಯಲ್ಲಿ ವ್ಯಾಪಾರ ನಿಂತೇ ಹೋಯಿತು.

ವರ್ತಕರೆಲ್ಲ ಗುಂಪುಗೂಡಿ ಇಲಾಖೆಯ ಸಾಹೇಬರ ಹತ್ತಿರ ಹೋದರು. ಸಾಹೇಬರು ಒಳ್ಳೆಯ ಮನುಷ್ಯ, ಯಾರ ಮನಸ್ಸನ್ನೂ ನೋಯಿಸಿದವರಲ್ಲ. ಇಡೀ ಮಧ್ಯಾಹ್ನ ಯೋಚಿಸಿ ಒಂದು ಸುತ್ತೋಲೆ ಹೊರಡಿಸಿದರು: ಸಿಬ್ಬಂದಿಯು ಕಚೇರಿಯ ವೇಳೆಯಲ್ಲಿ ಸಂಶಯಪಡತಕ್ಕದ್ದಲ್ಲ. ಮೇಡಂ ಶಿಸ್ತಿನ ನೌಕರೆ. ಅಂದಿನಿಂದ ಹಗಲೆಲ್ಲ ಕಣ್ಣುಮುಚ್ಚಿ ಮುದ್ರೆ ಒತ್ತಿ, ಸಂಜೆ ಕಚೇರಿಯ ಗೇಟು ದಾಟಿದ ಮೇಲೆ ಸಂಶಯಪಡಲು ಶುರುಮಾಡುತ್ತಿದ್ದರು.

ಹಾಗಾಗಿ ಅದರ ಪೆಟ್ಟೆಲ್ಲ ಮನೆಗೆ ಬಿತ್ತು. ಅತ್ತೆಗೆ ಮಂಡಿನೋವು. ತೂಕ ಇಳಿಸಲೇಬೇಕೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅತ್ತೆ ಮಗನನ್ನು ಕರೆದು ಕೂರಿಸಿಕೊಂಡು ಶಾಂತವಾಗಿ ಹೇಳಿದರು: "ನೋಡಪ್ಪಾ, ನಿನ್ನ ಹೆಂಡ್ತಿ ಓದಿದೋಳು, ಸುಳ್ಳು ಹೇಳಲ್ಲ. ಕಿಲೋದಲ್ಲೇ ಏನೋ ಏರುಪೇರು ಇದೆಯಂತೆ. ಅದು ಮೊದ್ಲು ಇತ್ಯರ್ಥ ಆಗ್ಲಿ, ಆಮೇಲೆ ನಾನು ಇಳಿಸ್ತೀನಿ." ಹೀಗೆಂದು ಇನ್ನೊಂದು ಲೋಟ ಪಾಯಸ ಬಗ್ಗಿಸಿಕೊಂಡರು.

ಅಷ್ಟರಲ್ಲಿ ಅಂದ್ರೇನು ಮೇಷ್ಟ್ರು ನಿವೃತ್ತರಾದರು. ಬೀಳ್ಕೊಡುಗೆಯ ದಿನ, ನಿವೃತ್ತಿ ಅಂದ್ರೇನು ಎಂದು ಅವರು ಕೇಳಿದಾಗ ಕೊರಳಿಗೆ ಹಾರ ಹಾಕಿ ಕಳಿಸಿಕೊಟ್ಟರು. ಅವರ ಹಿಂದೆಯೇ ವಿಭಾಗ ಮುಚ್ಚಿತು. ಕೋಣೆಯಲ್ಲಿದ್ದದ್ದನ್ನೆಲ್ಲ ಕ್ರೀಡಾ ವಿಭಾಗಕ್ಕೆ ವಹಿಸಿಕೊಟ್ಟದ್ದಾಯಿತು: ಬೀರು ಒಂದು, ಕೈ ಮುರಿದ ಕುರ್ಚಿ ಎರಡು, ಸಂಶೋಧನಾ ವಿದ್ಯಾರ್ಥಿನಿ ಒಬ್ಬರು. ಮೇಡಂ ಕುಲಸಚಿವರ ಕಚೇರಿಗೆ ಓಡಿದರು. ಸಹಿ ಬಿದ್ದಾಗಿದೆ, ಇನ್ನು ನೀವು ಕ್ರೀಡೆಯವರೇ ಎಂದು ಅಲ್ಲಿನ ಗುಮಾಸ್ತ ಕೈ ತೊಳೆದುಕೊಂಡ.

ಹೊಸ ಮಾರ್ಗದರ್ಶಕರು ಭಾರ ಎತ್ತುವುದನ್ನು ಕಲಿಸುವ ಕೋಚ್. ಬಾಗಿಲಿಗೆ ಅಡ್ಡ ನಿಂತರೆ ಕೋಣೆಗೆ ಬೆಳಕು ಬಾರದಂಥ ಆಳು. ಪ್ರಬಂಧದ ಮೇಲೆ 'ತೂಕದ ಚರಿತ್ರೆ ಮತ್ತು ತತ್ವ' ಎಂದಿದ್ದುದನ್ನು ನೋಡಿ, ವಿಶ್ವವಿದ್ಯಾಲಯದಲ್ಲಿ ಕೊನೆಗೂ ಒಬ್ಬರು ಕೆಲಸಕ್ಕೆ ಬರುವಂಥದ್ದು ಬರೆಯುತ್ತಿದ್ದಾರೆ ಎಂದು ಹಿಗ್ಗಿದರು. ಆ ಒಂದು ಅಧ್ಯಾಯವನ್ನು ಮನೆಗೆ ಒಯ್ದು, ಬೆರಳಿಟ್ಟು ಸಾಲು ಸಾಲಾಗಿ ಓದಿದರಂತೆ. ಮರುದಿನ ಬಂದಾಗ ಅವರ ಮುಖ ಗಂಭೀರವಾಗಿತ್ತು.

"ನನ್ನ ಹತ್ರ ಒಬ್ಳು ಹುಡುಗಿ ಇದ್ಲು. ಫೈನಲ್ ದಿನ ಮೈತೂಕ ಒಂಚೂರು ಜಾಸ್ತಿ ಬಂತು ಅಂತ ಆಚೆ ಹಾಕಿದ್ರು. ಕೂದ್ಲು ಕತ್ತರಿಸ್ಕೊಂಡು ಬಂದ್ಲು, ಆಗ್ಲೂ ಒಪ್ಲಿಲ್ಲ. ಯಾವುದಕ್ಕಿಂತ ಜಾಸ್ತಿ ಅಂತ ಕೇಳೋದು ನಂಗೆ ಹೊಳೀಲೇ ಇಲ್ಲ ಮೇಡಂ. ನೀವು ಕೇಳಿದೀರಿ. ಇದನ್ನ ಮುಗಿಸ್ಬೇಕು."

ಮುಗಿಸುವುದು ಹೇಗೆಂದು ಮೇಡಮ್ಮಿಗೆ ಗೊತ್ತಿರಲಿಲ್ಲ. ಕೋಚಿಗೆ ಅದೊಂದೇ ಗೊತ್ತಿದ್ದದ್ದು. ದಿನಾ ಸಂಜೆ ವ್ಯಾಯಾಮಶಾಲೆಯ ಮೂಲೆಯಲ್ಲಿ ಮೇಜು ಹಾಕಿಸಿ ಮೇಡಮ್ಮನ್ನು ಕೂರಿಸುತ್ತಿದ್ದರು. ಸೀಟಿ ಊದಿದರೆ ಬರೆಯಬೇಕು, ಊದಿದರೆ ನಿಲ್ಲಿಸಬೇಕು, ಕೈಕಾಲು ಸಡಿಲ ಬಿಟ್ಟು ನೀರು ಕುಡಿಯಬೇಕು. ಮೇಡಂ ಹಳೇ ಮೇಷ್ಟ್ರ ಹಾಗೆ 'ಅಂದ್ರೇನು' ಎಂದು ಪೆನ್ನು ಕಚ್ಚಿ ಕೂತರೆ, ಉಸಿರು ಬಿಡಿ, ಎತ್ತಿ, ಎಂದು ಹಿಂದಿನಿಂದ ಗದರುತ್ತಿದ್ದರು. ಕಬ್ಬಿಣ ನೆಲಕ್ಕೆ ಬೀಳುವ ಸದ್ದಿನಲ್ಲಿ ಅಧ್ಯಾಯಗಳು ಒಂದರ ಹಿಂದೊಂದು ಬಿದ್ದವು. ಅದೇ ಲೋಹದ ತುಂಡೂ ಅದರಂತೆಯೇ ಮಾಡಿಟ್ಟಿದ್ದ ಅವಳಿಜವಳಿಗಳೂ ಕಾಲ ಕಳೆದಂತೆ ಕೂದಲೆಳೆಯಷ್ಟು ಬೇರೆಯಾದಾಗ, ಕೊಬ್ಬಿದ್ದು ಯಾರು ಸೊರಗಿದ್ದು ಯಾರು ಎಂದು ವಿಜ್ಞಾನಿಗಳೇ ಹೇಳಲಾರದೆ ಹೋದ ಕತೆಯನ್ನು ಬರೆಯುವಾಗ ಮೇಡಂ ತಮಗೇ ತಿಳಿಯದೆ ನಕ್ಕರು. ಎಷ್ಟೋ ವರ್ಷಗಳ ನಂತರದ ನಗು ಅದು.

ಮೌಖಿಕ ಪರೀಕ್ಷೆಯೂ ವ್ಯಾಯಾಮಶಾಲೆಯಲ್ಲೇ ನಡೆಯಿತು. ಹೊರಗಿನಿಂದ ಇಬ್ಬರು ಪರೀಕ್ಷಕರು ಬಂದರು. ಗಂಡ, ಅತ್ತೆ, ಮಂಡಿ ಸಾವ್ಕಾರರು ಬೆಂಚಿನ ಮೇಲೆ ಕೂತರು. ಅಂದ್ರೇನು ಮೇಷ್ಟ್ರೂ ಬಂದಿದ್ದರು. ಒಂದೂ ಮಾತಾಡುವುದಿಲ್ಲವೆಂದು ಕೋಚ್ ಅವರಿಂದ ಮೊದಲೇ ಭಾಷೆ ತೆಗೆದುಕೊಂಡಿದ್ದರು. ಪರೀಕ್ಷಕರಲ್ಲಿ ಒಬ್ಬರು ಇದು ಇತಿಹಾಸವೆಂದು, ಇನ್ನೊಬ್ಬರು ತತ್ವಶಾಸ್ತ್ರವೆಂದು ಜಗಳಕ್ಕೆ ಬಿದ್ದರು. ಕೋಚ್ ಸೀಟಿ ಊದಿದರು. ಬೆಚ್ಚಿಬಿದ್ದ ಹಿರಿಯ ಪರೀಕ್ಷಕರು ಮೇಡಂ ಕಡೆ ತಿರುಗಿ, ಕಿಲೋ ಸರಿಯೆಂದು ಯಾರೂ ಹೇಳಲಾರರು ಎಂದು ಇಷ್ಟುದ್ದ ಬರೆದಿದ್ದೀರಿ, ಮತ್ತೆ ದಿನಾ ಯಾವ ಧೈರ್ಯದ ಮೇಲೆ ಮುದ್ರೆ ಒತ್ತುತ್ತೀರಿ ಎಂದು ಕೇಳಿದರು.

ಮೇಡಂ ಕೋಚ್ ಕಲಿಸಿದಂತೆ ಉಸಿರು ಬಿಟ್ಟರು. "ಸರಿ ಇದೆ ಅಂತ ಒತ್ತಲ್ಲ ಸಾರ್. ಕೊಡೋನು, ತಗೊಳ್ಳೋನು ಇಬ್ರೂ ಒಂದೇ ಕಲ್ಲನ್ನ ಒಪ್ಕೊಂಡ್ರು ಅಂತ ಒತ್ತೀನಿ. ಕಲ್ಲು ತಪ್ಪಿದ್ರೂ ಇಬ್ರಿಗೂ ಒಂದೇ ತಪ್ಪು. ಮೋಸ ಆಗಲ್ಲ."

ಪರೀಕ್ಷಕರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆಯಾಡಿಸಿದರು. ಅಂದ್ರೇನು ಮೇಷ್ಟ್ರ ತುಟಿ ಅಲುಗಿತು. ಅತ್ತೆ ತಮ್ಮ ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಅವರ ಕೈಗೆ ತುರುಕಿದರು. ಮೇಷ್ಟ್ರು ಮಾತು ನುಂಗಿಕೊಂಡು ನೀರು ಕುಡಿದರು.

ಪದವಿ ಬಂತು, ದೈಹಿಕ ಶಿಕ್ಷಣದಲ್ಲಿ. ತಿದ್ದಿಸಬೇಕೆಂದರೆ ಇಲ್ಲದ ವಿಭಾಗದ ಮುಖ್ಯಸ್ಥರ ಸಹಿ ಬೇಕೆಂದರು. ಮೇಡಂ ಅಲ್ಲಿಗೇ ಬಿಟ್ಟರು. ಪೇಟೆಯಲ್ಲಿ ಈಗ ಅವರು ಡಾಕ್ಟ್ರು ಮೇಡಂ. ತಕ್ಕಡಿ ನೋಡಲು ಹೋದರೆ ಅಂಗಡಿಯವರು ಮೊದಲು ಸೊಂಟನೋವು, ಹೊಟ್ಟೆಯ ಬೊಜ್ಜು ತೋರಿಸುತ್ತಾರೆ. ತನ್ನ ಡಾಕ್ಟರೇಟು ಅಂಥದ್ದಲ್ಲ ಎಂದು ಶುರುವಿನಲ್ಲಿ ವಿವರಿಸಿ ವಿವರಿಸಿ ಸಾಕಾಗಿ, ಈಗ ಎಲ್ಲರಿಗೂ ದಿನಾ ನಡೀರಿ ಎಂದಷ್ಟೇ ಹೇಳುತ್ತಾರೆ. ಎಷ್ಟು ದೂರ ಮೇಡಂ ಎಂದು ಮೊನ್ನೆ ಬೇಳೆ ಅಂಗಡಿಯವರು ಕೇಳಿದರು. ದೂರ ಅಂದ್ರೇನು ಎಂದು ಕೇಳೋಣವೆಂದರೆ ಕಚೇರಿಯ ವೇಳೆ ಇನ್ನೂ ಮುಗಿದಿರಲಿಲ್ಲ. ಸುಸ್ತಾಗೋವರೆಗೆ ಎಂದು ಹೇಳಿ, ಮುದ್ರೆ ಒತ್ತಿ, ಮೇಡಂ ಮುಂದಿನ ಅಂಗಡಿಗೆ ಹೋದರು.