ಹೂವಿನ ಹಾರದೊಳಗಿಂದ ಹೋದ ಇಮೇಲ್

ಗೋವಾದ ಉಸಗಾಂವದಲ್ಲಿ ನಮ್ಮ ಸಾಲುಮನೆಗಳ ಚಾಳಿನಲ್ಲಿ ನಳಕ್ಕೆ ನೀರು ಬರುವುದು ಬೆಳಿಗ್ಗೆ ಎಂಟಕ್ಕೆ. ಆ ಹೊತ್ತಿಗೆ ಅಲ್ಲಿ ಇಲ್ಲದವರ ಕೊಡ ಸಾಲಿನಲ್ಲಿ ತಾನಾಗಿಯೇ ಹಿಂದೆ ಸರಿಯುತ್ತದೆ. ಯಾರು ಸರಿಸಿದರು ಎಂದು ಕೇಳಿದರೆ ಎಲ್ಲರೂ ಆಕಾಶ ನೋಡುತ್ತಾರೆ. ಅವ್ವನಿಗೆ ಮೊಣಕಾಲು ನೋವು, ತುಂಬಿದ ಕೊಡ ಎತ್ತಲಾರಳು. ಹೀಗಾಗಿ ನೀರು ನನ್ನ ಪಾಲಿನ ಕೆಲಸ.

ನಾನು ಕ್ಲಾರ್ಕ್ ಆಗಿದ್ದ ಟ್ರಕ್ ಆಫೀಸಿನಲ್ಲೂ ಎಂಟಕ್ಕೇ ಒಂದು ಕೆಲಸ. ನಮ್ಮ ಟ್ರಕ್ಕುಗಳು ಫೋಂಡಾ ಕಡೆಯ ಕಾರ್ಖಾನೆಯೊಂದಕ್ಕೆ ಮಾಲು ಸಾಗಿಸುತ್ತಿದ್ದವು. ಅಲ್ಲಿಯ ಮ್ಯಾನೇಜರರಿಗೆ 'ಎಲ್ಲ ಟ್ರಕ್ಕುಗಳೂ ಹೊರಟಿವೆ, ದಾರಿಯಲ್ಲಿವೆ' ಎಂದು ಇಮೇಲ್ ಕಳಿಸಬೇಕು. ಕಳಿಸಿ ಒಂದು ನಿಮಿಷ ಕಳೆಯುವಷ್ಟರಲ್ಲಿ 'ಮುಟ್ಟಿತು, ಗಮನಿಸಿದ್ದೇನೆ' ಎಂಬ ಉತ್ತರ ಬರುತ್ತಿತ್ತು. ದೊಡ್ಡ ಮನುಷ್ಯ ಎಂಟಕ್ಕೇ ಕುರ್ಚಿಯ ಮೇಲಿರುತ್ತಾನೆ, ನಿನಗೇನು ಧಾಡಿ ಎಂದು ಮಾಲೀಕರು ನನ್ನನ್ನು ಹಂಗಿಸುತ್ತಿದ್ದರು. ಅವರೂ ನಮ್ಮ ವಿಜಯಪುರದ ಕಡೆಯವರೇ. ಆ ಸಲುಗೆ ಬೈಯುವುದಕ್ಕೆ ಮಾತ್ರ ಉಪಯೋಗವಾಗುತ್ತಿತ್ತು. ನಾನು ಓಡಿಹೋಗಿ ಇಮೇಲ್ ಕಳಿಸಿ ಓಡಿಬರುವಷ್ಟರಲ್ಲಿ ನಳ ಬಿಕ್ಕಳಿಸುತ್ತಿತ್ತು. ಎಷ್ಟೋ ಸಲ ಸ್ನಾನವಿಲ್ಲದೆ ಪೌಡರಿನ ಮೇಲೆ ದಿನ ತಳ್ಳಿದೆ.

ಒಂದು ಮಧ್ಯಾಹ್ನ ಸಿಟ್ಟಿನಲ್ಲಿ ಕಂಪ್ಯೂಟರಿನ ಇಮೇಲ್ ಅಪ್ಲಿಕೇಶನ್ನಿನಲ್ಲಿ ಸಿಕ್ಕ ಸಿಕ್ಕಲ್ಲಿ ಒತ್ತುತ್ತ ಕೂತಾಗ, ಪತ್ರ ಬರೆದಿಟ್ಟು ಹೊತ್ತು ಗೊತ್ತುಮಾಡುವ ಸೌಲಭ್ಯ ಕಣ್ಣಿಗೆ ಬಿತ್ತು. ದಿನವೂ ಎಂಟಕ್ಕೆ ಅದೇ ಹೋಗುವಂತೆ ಇಟ್ಟೆ. ಕಂಪ್ಯೂಟರ್ ಚಾಲೂ ಇದ್ದು ಅಪ್ಲಿಕೇಶನ್ ತೆರೆದಿದ್ದರೆ ಸಾಕು. ಹೀಗಾಗಿ ಸಂಜೆ ಅದನ್ನು ಬಂದ್ ಮಾಡುವುದನ್ನೇ ಬಿಟ್ಟೆ. ಮರುದಿನ ನಳದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತೆ. ಅವ್ವನಿಗೆ ಮಾತ್ರ ಹೆದರಿಕೆ. ನಿನ್ನ ಕುರ್ಚಿಯ ಮೇಲೆ ಆ ಮಷೀನನ್ನೇ ಕೂಡಿಸಿ ನಿನ್ನನ್ನು ಮನೆಗೆ ಕಳಿಸಿದರೆ ಏನು ಗತಿ ಎಂದಳು.

ಖಂಡೆನವಮಿ, ಆಯುಧಪೂಜೆಯ ದಿನ, ಬಂತು. ಅಂದು ಯಾವ ಗಾಲಿಯೂ ಉರುಳುವುದಿಲ್ಲ. ಟ್ರಕ್ಕುಗಳಿಗೆ ಸ್ನಾನ, ಕುಂಕುಮ, ಚೆಂಡುಹೂವಿನ ಹಾರ. ನನಗಿಂತ ಅವಕ್ಕೇ ನೀರು ಹೆಚ್ಚು ಸಿಕ್ಕಿತು. ನಾನು ಹಿಂದಿನ ಸಂಜೆಯೇ ಕಂಪ್ಯೂಟರ್ ಬಂದ್ ಮಾಡಿದ್ದೆ. ಅದು ಮಲಗಿರುವಾಗ ಇಮೇಲ್ ಎಲ್ಲಿಂದ ಹೋದೀತು ಎಂದು ನಿಶ್ಚಿಂತೆಯಾಗಿ ನೀರು ತುಂಬಿ, ಜರಿಯಂಚಿನ ಸೀರೆ ಉಟ್ಟು ಪೂಜೆಗೆ ಹೋದೆ. ಕಾರ್ಖಾನೆಯ ಮ್ಯಾನೇಜರರೇ ಅಲ್ಲಿ ಅತಿಥಿ.

ಟ್ರಕ್ಕುಗಳ ಪೂಜೆ ಮುಗಿಸಿ ಮಾಲೀಕರು ಆಫೀಸಿನೊಳಗೆ ಬಂದು ಕಂಪ್ಯೂಟರಿಗೂ ಹಾರ ಹಾಕಿದರು. ಕಪ್ಪು ಪರದೆ ಫೋಟೋದಲ್ಲಿ ಚಲೋ ಕಾಣುವುದಿಲ್ಲ ಎಂದು ಅವರಿಗೆ ಅನ್ನಿಸಿತು. ನಾನು ಬೇಡವೆನ್ನುವ ಮೊದಲೇ ಗುಂಡಿ ಒತ್ತಿ ಆರತಿ ಎತ್ತಿದರು. ಚಾಲೂ ಆದೊಡನೆ ಅಪ್ಲಿಕೇಶನ್ ತಾನೇ ತೆರೆದುಕೊಳ್ಳುವಂತೆ ಮಾಡಿಟ್ಟವಳು ನಾನೇ. ಅದು ಕಣ್ಣುಬಿಟ್ಟು, ಎಂಟರ ಪತ್ರ ಉಳಿದಿದ್ದನ್ನು ಕಂಡು, ನಿಷ್ಠೆಯಿಂದ ಕಳಿಸಿಬಿಟ್ಟಿತು. ಮ್ಯಾನೇಜರರ ಜೇಬು ಟಿಣ್ ಎಂದಿತು.

ಅವರು ಬಾಯಲ್ಲಿ ಪೇಢಾ ಇಟ್ಟುಕೊಂಡೇ ಓದಿದರು. ಕಿಟಕಿಯಾಚೆ ಮದುಮಕ್ಕಳಂತೆ ನಿಂತಿದ್ದ ಟ್ರಕ್ಕುಗಳನ್ನು ನೋಡಿದರು. ಫೋನನ್ನು ಮಾಲೀಕರ ಕೈಗಿಟ್ಟರು.

"ಇದನ್ನ ಯಾರು ಕಳಿಸ್ಯಾರ?" ಎಂದರು ಮಾಲೀಕರು.

ಕೆಲಸ ಹೋಯಿತು ಎಂದೇ ಲೆಕ್ಕ ಹಾಕಿದೆ. ಹೆದರಿಕೆಗಿಂತ ಸಿಟ್ಟೇ ಮುಂದೆ ಬಂತು.

"ಕಂಪ್ಯೂಟರ್ ಕಳಿಸೈತ್ರಿ. ಎಂಟಕ್ಕ ನಳಕ್ಕ ನೀರು ಬರ್ತಾವ್ರಿ. ನಾ ಎರಡೂ ಕಡಿ ಹ್ಯಾಂಗ ಇರ್ಲಿ?"

ಮಾಲೀಕರು ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಹಾರದೊಳಗಿಂದ ಕಂಪ್ಯೂಟರೇ ಟಿಣ್ ಎಂದಿತು. ಪರದೆಯ ಮೇಲೆ ಮ್ಯಾನೇಜರರ ಉತ್ತರ: 'ಮುಟ್ಟಿತು, ಗಮನಿಸಿದ್ದೇನೆ.'

ಮ್ಯಾನೇಜರರ ಫೋನು ಇನ್ನೂ ಮಾಲೀಕರ ಕೈಯಲ್ಲಿತ್ತು. ನಾವೆಲ್ಲ ಮ್ಯಾನೇಜರರ ಮುಖ ನೋಡಿದೆವು.

ಅವರು ಪೇಢಾ ನುಂಗಿ, ನೆಲ ನೋಡುತ್ತ, ಕೊಂಕಣಿ ಬೆರೆತ ಹಿಂದಿಯಲ್ಲಿ ನಿಜ ಹೇಳಿದರು. ನಮ್ಮ ಇಮೇಲಿಗೆ ಉತ್ತರ ತಾನಾಗಿಯೇ ಹೋಗುವಂತೆ ಅವರೂ ಆಫೀಸಿನ ಕಂಪ್ಯೂಟರಿನಲ್ಲಿ ಮಾಡಿಟ್ಟಿದ್ದರಂತೆ. ಎಂಟಕ್ಕೆ ಅವರ ಮನೆಯಲ್ಲೂ ನೀರು ಬರುತ್ತದೆ, ತುಂಬುವವರು ಅವರೇ.

ನಾನು ಓಡಿ ಓಡಿ ಸತ್ತದ್ದೆಲ್ಲ ಇವರು ಎಂದೂ ಓದದ ಪತ್ರಕ್ಕಾಗಿ ಎಂದು ಉರಿದುಕೊಳ್ಳಬೇಕಿತ್ತು. ಆದರೆ ಕೊಡ ಹಿಡಿದು ನಿಂತ ಆ ಮನುಷ್ಯನನ್ನು ನೆನೆದು ನಗು ತಡೆಯಲಾಗಲಿಲ್ಲ. ಸ್ವಂತ ಅಣ್ಣನಂತೆ ಕಂಡರು. ನನ್ನ ಕುರ್ಚಿ ಉಳಿಯಿತು. ಮಾಲೀಕರು ಯಾರನ್ನು ಬೈಯಬೇಕೆಂದು ತಿಳಿಯದೆ ಕಂಪ್ಯೂಟರಿಗೆ ಇನ್ನೊಂದು ಸಲ ಆರತಿ ಎತ್ತಿದರು.