ಕುಳ್ಳಿನ ಬಣವೆಯಲ್ಲಿ ಕುಣಿಯುವ ಜೇಡ

ಸಂಗೊಳ್ಳಿಯ ಸೋಮವ್ವ ನಲವತ್ತು ವರ್ಷ ಸಗಣಿಯ ಕುಳ್ಳು ತಟ್ಟಿ ಬಣವೆ ಒಟ್ಟಿದವಳು. ಒಟ್ಟುತ್ತ ಒಟ್ಟುತ್ತ ಆಕೆ ಕಂಡದ್ದನ್ನು ಊರಲ್ಲಿ ಬೇರೆ ಯಾರೂ ನಿಂತು ನೋಡಿರಲಿಲ್ಲ. ತೊಗರಿಕಾಳಿನಷ್ಟು ಜೇಡ, ಬಲೆ ನೇಯುವುದಿಲ್ಲ, ಜಿಗಿದು ನೊಣ ಹಿಡಿಯುತ್ತದೆ. ಬಿಸಿಲೇರಿತೆಂದರೆ ಗಂಡು ಜೇಡ ಮುಂಗಾಲೆರಡನ್ನೂ ಎತ್ತಿ ಹೆಣ್ಣಿನ ಮುಂದೆ ಕುಣಿಯುತ್ತದೆ!

2004ರ ಬೇಸಿಗೆ. ಧಾರವಾಡದಲ್ಲಿ ಜೇಡಗಳ ಸಂಶೋಧನೆ ಮಾಡುತ್ತಿದ್ದ ಶೈಲಜಾ ಬೈಲಹೊಂಗಲದ ಬಸ್ಸಿನಲ್ಲಿ ಒಂದು ಹೆಣ್ಣು ಜೇಡದ ಚಿತ್ರ ಹಿಡಿದು ಕೂತಿದ್ದಳು. ಪಕ್ಕದಲ್ಲಿದ್ದ ಸೋಮವ್ವ ಇಣುಕಿ, "ಇದರ ಗಂಡು ನಮ್ಮ ಬಣವ್ಯಾಗ ಕುಣೀತಾವಲ್ರಿ!" ಎಂದಳು.

ಶೈಲಜಾ ದಂಗಾದಳು. ಎರಡು ವರ್ಷದಿಂದ ಆಕೆಗೆ ಸಿಕ್ಕಿದ್ದು ಬರೀ ಹೆಣ್ಣು. ಗಂಡನ್ನು ತೋರಿಸದೆ ಹೊಸ ಜಾತಿಯೆಂದು ಹೆಸರಿಡಲು ಅವಳ ಗುರುಗಳು ಒಪ್ಪುತ್ತಿರಲಿಲ್ಲ.

"ನಾಳೇನ ಬರತೇನಿ ಅವ್ವಾ!"

ಓದಿದ ಹೆಣ್ಣುಮಗಳು, ಬಾಯಾರು, ಮನೆಗೆ ಬರುತ್ತಾರೆಂದರೆ ಹಾಗೇ ಬಿಡುವುದುಂಟೇ? ಮಳೆಗಾಲಕ್ಕೆ ಮುಂಚೆ ಮೆತ್ತುವ ಬಣವೆಯನ್ನು ಸೋಮವ್ವ ಅಂದು ಸಂಜೆಯೇ ಸೆರಗು ಕಟ್ಟಿ, ಮೇಲಿಂದ ಕೆಳತನಕ ಸಗಣಿ ಮೆತ್ತಿ, ಸಾರಿಸಿ, ಸುಣ್ಣದ ಗೆರೆ ಎಳೆದಳು.

ಬೆಳಿಗ್ಗೆ ಶೈಲಜಾ ಬಂದು ನೋಡಿದರೆ ಬಣವೆ ಮದುಮಗಳಂತೆ ನಿಂತಿದೆ. ಸಂದುಗಳೆಲ್ಲ ಮುಚ್ಚಿಹೋಗಿ ಒಂದು ಜೇಡವೂ ಇಲ್ಲ.

"ಏನ್ ಮಾಡಿದ್ರಿ ಅವ್ವಾ ಇದು?"

"ನೀವ್ ಬರ್ತೀರಂತ ಚಂದ ಮಾಡೇನ್ರಿ..." ಎನ್ನುತ್ತ ಆಕೆಯ ಮುಖ ನೋಡಿದ ಸೋಮವ್ವ ಹಣೆ ಬಡಿದುಕೊಂಡಳು. "ಅಯ್ಯ, ನನ್ನ ಕೈಗೆ ಹಾವ ಕಡೀಲಿ! ಬರ್ರಿ, ನನ್ನ ಹಿಂದ ಬರ್ರಿ!"

ನೆರೆಮನೆಯ ಯಲ್ಲವ್ವನ ಬಣವೆ ಎಂದೂ ಸಗಣಿಯ ಮೆತ್ತಿಗೆ ಕಂಡದ್ದಲ್ಲ, ಒಂದು ಮಗ್ಗುಲು ಕುಸಿದಿತ್ತು. ಅದನ್ನು ನೋಡಿ ಸೋಮವ್ವ ಊರನ್ನೆಲ್ಲ ನಗಿಸಿದ್ದಳು.

"ಏನ ಬೇ ಸೋಮಕ್ಕಾ, ಹಾಳ ಬಣವಿ ಕಡೆ ಬಂದಿ?" ಎನ್ನುತ್ತ ಯಲ್ಲವ್ವ ಹೊರಗೆ ಬಂದಳು.

"ನಿನ್ನ ಮೈಗಳ್ಳತನಕ್ಕ ಇವತ್ತ ಕೈ ಮುಗೀತೇನಿ, ಯಲ್ಲೀ! ಬಾಯಾರಿಗೆ ಜ್ಯಾಡ ಬೇಕಾಗೇತಿ."

"ಜ್ಯಾಡಾ? ನಮ್ಮ ಮನಿಯಾಗ ರಗಡ ಅದಾವ, ಮೂಟಿ ಕಟಗೊಂಡು ಒಯ್ರಿ!"

ಮೂವರೂ ಕುಕ್ಕರುಗಾಲಲ್ಲಿ ಕೂತರು. ಬಿಸಿಲು ಏರಿತು. ನೊಣ ಬಂದವು. ಸೋಮವ್ವ ಶೈಲಜಾಳ ತೋಳು ಹಿಂಡಿದಳು: "ಶ್! ಅಲ್ನೋಡ್ರಿ!"

ಒಡೆದ ಕುಳ್ಳಿನ ಅಂಚಿಗೆ ಜೇಡವೊಂದು ಬಂತು. ಮುಂಗಾಲೆತ್ತಿತು. ಎಡಕ್ಕೆ ಸರಿಯಿತು, ಬಲಕ್ಕೆ ಸರಿಯಿತು. ಗಂಡೇ! ಶೈಲಜಾ ಶೀಸೆ ಬೋರಲು ಹಾಕಿದಳು. "ಸಿಕ್ತು!" ಎಂದು ಜಿಗಿದಳು. ಯಲ್ಲವ್ವನೂ ಯಾಕೆಂದು ತಿಳಿಯದೆಯೇ ಜಿಗಿದಳು.

ಮರುವರ್ಷ ಶೈಲಜಾ ಅಚ್ಚಾದ ಹಾಳೆ ಹಿಡಿದು ಬಂದಳು. ಜೇಡದ ಹೆಸರಿನಲ್ಲಿ ಎರಡು ಪದ. ಮೊದಲನೆಯದು ಅದರ ಕುಲದ್ದು. ಎರಡನೆಯದು ಅದರ ಸ್ವಂತದ್ದು, 'ಸೋಮವ್ವೇ'.

"ಲ್ಯಾಟಿನ್ ಭಾಷಾದಾಗ 'ಸೋಮವ್ವನ' ಅಂದಂಗ್ರಿ."

ಸೋಮವ್ವ ಹಾಳೆಯ ಮೇಲೆ ಬೆರಳಿಟ್ಟಳು. "ಇನ್ನೊಮ್ಮಿ ಓದ್ರಿ, ಜೋರಾಗಿ. ಯಲ್ಲಿಗೂ ಕೇಳ್ಲಿ."